ಟೈರ್ ಬದಲಿಸಿದ ಮೇಲೆ ಮಿಣುಕುವ ಹಳದಿ ದೀಪ: ಸೆನ್ಸರ್ ಹೋಯ್ತಾ, ಗಾಳಿ ಹೋಯ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮನೆಗೆ ಬರುವ ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಬರೀ ರಾಡಿ. ಅದಕ್ಕೆ ಈ ವರ್ಷ ಎಸ್‌ಯುವಿಗೆ ಎರಡನೇ ಜೊತೆ ಚಕ್ರ ಮಾಡಿಸಿದೆ. ಬೇಸಿಗೆಗೆ ಅಲಾಯ್ ರಿಮ್‌ನಲ್ಲಿ ಮಾಮೂಲಿ ಟೈರ್, ಮಳೆಗಾಲಕ್ಕೆ ಕಬ್ಬಿಣದ ರಿಮ್‌ನಲ್ಲಿ ಆಲ್-ಟೆರೇನ್ ಟೈರ್. ಮೇ ಕೊನೆಯಲ್ಲಿ ಶಿವಮೊಗ್ಗದಲ್ಲಿ ಬದಲಿಸಿದಾಗ ಅಲಾಯ್‌ನಲ್ಲಿದ್ದ ಪ್ರೆಶರ್ ಸೆನ್ಸರ್‌ಗಳನ್ನು ಬಿಚ್ಚಿ ಕಬ್ಬಿಣದ ರಿಮ್‌ಗೆ ಹಾಕಿಸಿದೆ. ಅಂದಿನಿಂದ ಸ್ಟಾರ್ಟ್ ಮಾಡಿದಾಗೆಲ್ಲ ಹಳದಿ ದೀಪ ಒಂದು ನಿಮಿಷ ಮಿಣುಕಿ, ಆಮೇಲೆ ಹಾಗೇ ಉರಿಯುತ್ತಿರುತ್ತದೆ. ಎಡಗಡೆ ಹಿಂದಿನ ಚಕ್ರಕ್ಕೆ ನಂಬರ್ ಬದಲು ಎರಡು ಗೀಟು. ಉಳಿದ ಮೂರರಲ್ಲಿ ಬೆಳಿಗ್ಗೆ 28, 29 ತೋರಿಸುತ್ತದೆ, ಹಾಕಿಸಿದ್ದು 33. ಗಾಡಿಗೆ ಏಳು ವರ್ಷ ತುಂಬಿದೆ. ಅಂಗಡಿಯವರು ‘ನಾಲ್ಕೂ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ’ ಅಂತಾರೆ. ಏನು ಮಾಡಲಿ?

ಉತ್ತರ: ನಾಲ್ಕೂ ಹೋಗಿಲ್ಲ. ಮೂರು ಚಕ್ರ ನಂಬರ್ ತೋರಿಸುತ್ತಿವೆ ಅಂದಮೇಲೆ ಆ ಮೂರು ಸೆನ್ಸರ್ ಬದುಕಿವೆ. ಸತ್ತ ಸೆನ್ಸರ್ 28 ಅಂತ ಹೇಳುವುದಿಲ್ಲ, ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಜೇಬಿಗೆ ಕೈ ಹಾಕುವ ಮೊದಲು ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಮಿಣುಕುವ ದೀಪ ಮತ್ತು ಆ ಎರಡು ಗೀಟು ಒಂದು ಕತೆ. 33 ಇದ್ದದ್ದು 28ಕ್ಕೆ ಇಳಿದದ್ದು ಇನ್ನೊಂದು ಕತೆ. ಒಟ್ಟಿಗೆ ಕಾಣಿಸಿಕೊಂಡಿವೆ ಅಷ್ಟೇ, ಒಂದಕ್ಕೊಂದು ಸಂಬಂಧ ಇರಲೇಬೇಕು ಅಂತೇನಿಲ್ಲ.

ದೀಪ ಹೇಗೆ ಉರಿಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಮಿಣುಕದೆ ಸುಮ್ನೆ ಹತ್ತಿಕೊಂಡರೆ ಯಾವುದೋ ಚಕ್ರದಲ್ಲಿ ಗಾಳಿ ಕಡಿಮೆ ಅಂತ. ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತು ಉರಿದರೆ ಗಾಳಿಯ ಮಾತಲ್ಲ, ಯಾವುದೋ ಸೆನ್ಸರ್‌ನಿಂದ ಸುದ್ದಿ ಬರುತ್ತಿಲ್ಲ ಅಂತ. ಅಮೆರಿಕದ ಎಫ್‌ಎಂವಿಎಸ್‌ಎಸ್ 138 ಅನ್ನುವ ವಾಹನ ಸುರಕ್ಷತಾ ನಿಯಮದಲ್ಲಿ ಹೀಗೆ 60ರಿಂದ 90 ಸೆಕೆಂಡ್ ಮಿಣುಕಬೇಕು ಅಂತಲೇ ಇದೆ. ನಮ್ಮಲ್ಲಿ ಮಾರುವ ಹಲವು ಗಾಡಿಗಳೂ ಅದೇ ಕ್ರಮ ಹಿಡಿದಿವೆ. ಗಾಳಿ ಕಡಿಮೆ ಅನ್ನುವ ಎಚ್ಚರಿಕೆ ಸಾಮಾನ್ಯವಾಗಿ ಬರುವುದು ಕಂಪನಿ ಹೇಳಿದ ಒತ್ತಡಕ್ಕಿಂತ 20ರಿಂದ 25 ಶೇಕಡಾ ಇಳಿದಾಗ. 33ಕ್ಕೆ ಲೆಕ್ಕ ಹಾಕಿದರೆ 25, 26ರ ಹತ್ತಿರ. ನಿಮ್ಮ ಗಾಡಿ ಇನ್ನೂ ಅಲ್ಲಿಗೆ ಬಂದಿಲ್ಲ. ದೀಪ ಉರಿಯುತ್ತಿರುವುದು ಆ ಗೀಟಿನ ಸಲುವಾಗಿ.

ಇದರಲ್ಲಿ ಒಂದು ಅಪಾಯ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೀಪ ಹೇಗೂ ಉರಿಯುತ್ತಲೇ ಇರುತ್ತದೆ ಅಂತ ನಾವು ಅದನ್ನು ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಆಮೇಲೆ ನಿಜವಾಗಿ ಪಂಕ್ಚರ್ ಆದರೂ ಗಮನಕ್ಕೆ ಬರುವುದಿಲ್ಲ. ಈ ಗೊಂದಲ ಮುಗಿಯುವವರೆಗೆ ವಾರಕ್ಕೊಮ್ಮೆ ಕೈ ಗೇಜ್‌ನಲ್ಲಿ ನಾಲ್ಕೂ ಚಕ್ರ ನೋಡಿ. ಗೇಜ್ ಇಲ್ಲದಿದ್ದರೆ ಒಂದು ತಗೊಳ್ಳಿ. ತೋಟದ ಮನೆಯಲ್ಲಿ ದೋಟಿ, ಕತ್ತಿ ಎಲ್ಲ ಇರುತ್ತದೆ, ಐದು ನೂರು ರೂಪಾಯಿ ಆಸುಪಾಸಿನ ಗೇಜ್ ಮಾತ್ರ ಇರುವುದಿಲ್ಲ.

ಮೊದಲು ಗಾಳಿಯ ಕತೆ ಮುಗಿಸೋಣ, ಅದು ಸುಲಭ. ನೀವು ಗಾಳಿ ಹಾಕಿಸಿದ್ದು ಮೇ ತಿಂಗಳ ಶಿವಮೊಗ್ಗದಲ್ಲಿ. ಮಧ್ಯಾಹ್ನದ ಹೊತ್ತಾದರೆ 36 ಡಿಗ್ರಿ ಇದ್ದಿರಬಹುದು. ಈಗ ತೋಟದಲ್ಲಿ ಬೆಳಿಗ್ಗೆ 22 ಡಿಗ್ರಿ ಇದ್ದರೆ ಹೆಚ್ಚು. ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನಲ್ಲಿ ಹತ್ತಿರ ಹತ್ತಿರ 1 ಪಿಎಸ್‌ಐ (ನೀವು ಹೇಳಿದ 33, 28 ಎಲ್ಲ ಇದೇ ಒತ್ತಡದ ಅಳತೆ) ಇಳಿಯುತ್ತದೆ. ಅಂದರೆ ಒಂದು ಹನಿ ಗಾಳಿ ಸೋರದೆ 2ರಿಂದ 3 ಪಿಎಸ್‌ಐ ಹೋಯಿತು. ಇದರ ಮೇಲೆ ಎಂಥಾ ಒಳ್ಳೆ ಟೈರ್ ಆದರೂ ರಬ್ಬರ್ ಮೂಲಕವೇ ತಿಂಗಳಿಗೆ 1 ಪಿಎಸ್‌ಐ ಆಸುಪಾಸು ಕಳೆದುಕೊಳ್ಳುತ್ತದೆ. 33 ಹೇಗೆ 29 ಆಯಿತು ಅಂತ ಗೊತ್ತಾಯ್ತಲ್ವಾ? ಸೆನ್ಸರ್ ಸುಳ್ಳು ಹೇಳಿಲ್ಲ. ಬೆಳಿಗ್ಗೆ ದೀಪ ಹತ್ತಿ, ನಾಲ್ಕಾರು ಕಿಲೋಮೀಟರ್ ಓಡಿದ ಮೇಲೆ ತಾನೇ ಆರುತ್ತದೆ ಅಂತ ಆಗುಂಬೆ, ಹುಲಿಕಲ್ ಕಡೆಯವರು ಮಳೆಗಾಲದಲ್ಲಿ ಹೇಳುವುದೂ ಇದನ್ನೇ. ಟೈರ್ ಬಿಸಿಯಾದಾಗ ಒತ್ತಡ ಏರುತ್ತದೆ, ದೀಪ ಆರುತ್ತದೆ. ತೊಂದರೆ ಆರಿಲ್ಲ. ರಾತ್ರಿ ನಿಂತ ಗಾಡಿಗೆ, ಬೆಳಿಗ್ಗೆ ಹೊರಡುವ ಮುಂಚೆ ಗಾಳಿ ಸರಿ ಮಾಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಂಬರ್ ನೋಡಬೇಡಿ, ಅದು ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನೀವು ಹಾಕಿಸಿದ ಟೈರಿನ ಅಳತೆ ಸ್ಟಿಕ್ಕರ್‌ನಲ್ಲಿರುವ ಅಳತೆಗಿಂತ ಬೇರೆಯಾಗಿದ್ದರೆ, ಇಲ್ಲವೇ ಅಳತೆಯ ಮುಂದೆ ಎಲ್‌ಟಿ (ಲೈಟ್ ಟ್ರಕ್) ಅಂತ ಇದ್ದರೆ ಮಾತ್ರ ಟೈರ್ ಕಂಪನಿ ಹೇಳುವ ಒತ್ತಡ ಕೇಳಿಕೊಳ್ಳಿ.

ಮೂರೂ ಒಂದೇ ಸಮ ಇಳಿದಿದ್ದರೆ ಇಷ್ಟೇ. ಒಂದು ಮಾತ್ರ ಬೇಗ ಬೇಗ ಇಳಿಯುತ್ತಿದ್ದರೆ ಆ ಚಕ್ರದ ವಾಲ್ವ್ ಬುಡಕ್ಕೆ ಸೋಪ್ ನೀರು ಹಾಕಿ ನೋಡಿ. ನಿಮ್ಮ ವಿಷಯದಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ. ಅಲಾಯ್ ರಿಮ್‌ಗೆ ಅಂತ ಮಾಡಿದ ಅಲ್ಯೂಮಿನಿಯಂ ವಾಲ್ವ್ ಕಬ್ಬಿಣದ ರಿಮ್‌ನ ತೂತಿನಲ್ಲಿ ಎಲ್ಲ ಸಲವೂ ಸರಿಯಾಗಿ ಕೂರುವುದಿಲ್ಲ. ಕೋನ ಬೇರೆ, ತಗಡಿನ ದಪ್ಪ ಬೇರೆ. ಜೊತೆಗೆ ಸೆನ್ಸರ್ ಒಮ್ಮೆ ಬಿಚ್ಚಿದರೆ ಅದರ ರಬ್ಬರ್ ಸೀಲ್, ನಟ್, ಒಳಗಿನ ಪಿನ್, ಮುಚ್ಚಳ ಎಲ್ಲ ಹೊಸದು ಹಾಕಬೇಕು. ಇವು ಸರ್ವಿಸ್ ಕಿಟ್ ಅಂತ ಒಟ್ಟಿಗೇ ಸಿಗುತ್ತವೆ, ಸೆನ್ಸರ್ ಬೆಲೆಗೆ ಹೋಲಿಸಿದರೆ ಚಿಲ್ಲರೆ ಕಾಸು. ಹಳೇ ಸೀಲನ್ನೇ ಮತ್ತೆ ಹಾಕಿ ಗಟ್ಟಿಯಾಗಿ ತಿರುವಿದರೆ ಎರಡು ದಿನ ಹಿಡಿದು, ಆಮೇಲೆ ಗುಳ್ಳೆ ಬಿಡುತ್ತದೆ. ಇನ್ನೂ ಗಟ್ಟಿ ಮಾಡಿದರೆ ವಾಲ್ವೇ ಬಿರುಕು ಬಿಡುತ್ತದೆ. ಆ ನಟ್‌ಗೆ ಬೇಕಾದ ಬಿಗಿ ಬರೀ 4ರಿಂದ 8 ನ್ಯೂಟನ್ ಮೀಟರ್, ಅಂದರೆ ಚಕ್ರದ ಬೋಲ್ಟ್‌ಗೆ ಹಾಕುವ ಬಲದ ಹತ್ತನೇ ಒಂದು ಭಾಗವೂ ಅಲ್ಲ.

ಈಗ ಆ ಗೀಟಿಗೆ ಬರೋಣ. ಗಾಡಿಯ ಕಂಪ್ಯೂಟರ್‌ನಲ್ಲಿ ಸೆನ್ಸರ್‌ಗಳ ಪಟ್ಟಿ ಇರುತ್ತದೆ, ರೇಷನ್ ಕಾರ್ಡ್ ಥರ. ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆ ಉಂಟು. ಪಟ್ಟಿಯಲ್ಲಿ ಇಲ್ಲದ ಸೆನ್ಸರ್ ಚಕ್ರದಲ್ಲೇ ಇದ್ದು ಕೂಗಿಕೊಂಡರೂ ಗಾಡಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಸ ಸೆನ್ಸರ್ ಹಾಕಿಸಿದವರಿಗೆ ದೀಪ ಮಿಣುಕಲು ಮುಖ್ಯ ಕಾರಣ ಇದೇ. ಆದರೆ ನೀವು ಹಾಕಿಸಿದ್ದು ಹಳೇ ಸೆನ್ಸರ್‌ಗಳನ್ನೇ. ಅವುಗಳ ಸಂಖ್ಯೆ ಗಾಡಿಗೆ ಗೊತ್ತು. ಹಾಗಾಗಿ ಪಟ್ಟಿಯ ತೊಂದರೆ ನಿಮ್ಮದಲ್ಲ. ಒಂದು ಸೆನ್ಸರ್ ಮಾತಾಡುವುದನ್ನು ನಿಲ್ಲಿಸಿದೆ. ಬ್ಯಾಟರಿ ಮುಗಿದಿರಬೇಕು, ಇಲ್ಲವೇ ಟೈರ್ ಬಿಚ್ಚುವಾಗ ಪೆಟ್ಟು ಬಿದ್ದಿರಬೇಕು.

ಅಂಗಡಿಗೆ ಹೋಗಿ ಎಡಗಡೆ ಹಿಂದಿನ ಟೈರ್ ಬಿಚ್ಚಿಸಬೇಡಿ. ಸತ್ತ ಸೆನ್ಸರ್ ಅಲ್ಲೇ ಇದೆ ಅಂತ ಯಾರು ಹೇಳಿದರು? ಡ್ಯಾಶ್‌ಬೋರ್ಡ್‌ನಲ್ಲಿ ಗೀಟು ಬಂದಿರುವುದು, ಮೊದಲು ಎಡಗಡೆ ಹಿಂದೆ ಇದ್ದ ಸೆನ್ಸರ್ ಮಾತಾಡುತ್ತಿಲ್ಲ ಅನ್ನುವುದಕ್ಕೆ. ಅಂಗಡಿಯಲ್ಲಿ ನಾಲ್ಕನ್ನೂ ಬಿಚ್ಚಿ ನೆಲದ ಮೇಲೆ ಇಟ್ಟು, ಕೈಗೆ ಸಿಕ್ಕಿದ ಹಾಗೆ ನಾಲ್ಕು ರಿಮ್‌ಗೆ ಹಾಕಿರುತ್ತಾರೆ. ಅದು ಈಗ ಮುಂದೆ ಬಲಗಡೆ ಇರಬಹುದು. ಯಾವ ಸೆನ್ಸರ್ ಯಾವ ಮೂಲೆಯಲ್ಲಿದೆ ಅಂತ ತಾನೇ ಕಂಡುಹಿಡಿಯುವ ಗಾಡಿಗಳೂ ಇವೆ, ಆದರೆ ಎಲ್ಲ ಗಾಡಿಗೂ ಆ ಬುದ್ಧಿ ಇಲ್ಲ. ನಿಮ್ಮದಕ್ಕೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಒತ್ತಡ ಇಡಿ. ಮುಂದೆ ಎಡಕ್ಕೆ 30, ಮುಂದೆ ಬಲಕ್ಕೆ 32, ಹಿಂದೆ ಬಲಕ್ಕೆ 34, ಹಿಂದೆ ಎಡಕ್ಕೆ 36. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಣ್ಣು ರಸ್ತೆ ದಾಟಿ ಡಾಂಬರಿಗೆ ಬಂದು, 40ರ ಮೇಲಿನ ವೇಗದಲ್ಲಿ ಒಂದು ಕಾಲು ಗಂಟೆ ನಿಧಾನವಾಗಿ ಓಡಿಸಿ. ಜೋರು ಬೇಡ, ಒತ್ತಡ ಸಮ ಇಲ್ಲವಲ್ಲ. ನಿಲ್ಲಿಸಿದ ಕೂಡಲೇ ಗೇಜ್ ಹಿಡಿದು ನಾಲ್ಕನ್ನೂ ಮತ್ತೆ ಅಳೆಯಿರಿ. ಓಡಿದ ಬಿಸಿಗೆ ಎಲ್ಲವೂ ಒಂದೆರಡು ಪಿಎಸ್‌ಐ ಏರಿರುತ್ತವೆ, ಬೆಳಗಿನ ಚೀಟಿಯನ್ನೇ ನಂಬಿದರೆ ತಪ್ಪು ಚಕ್ರ ಬಿಚ್ಚಿಸುತ್ತೀರಿ. ಗೇಜ್‌ನ ನಂಬರ್‌ಗಳನ್ನು ಡ್ಯಾಶ್ ನಂಬರ್ ಪಕ್ಕ ಇಟ್ಟು ನೋಡಿ. ಗೇಜ್ 34 ತೋರಿಸಿದ ಚಕ್ರಕ್ಕೆ ಡ್ಯಾಶ್‌ನಲ್ಲಿ ಎಲ್ಲೂ 34ರ ಹತ್ತಿರದ ನಂಬರ್ ಇಲ್ಲ ಅಂದರೆ, ಸುಮ್ಮನಾದ ಸೆನ್ಸರ್ ಆ ಚಕ್ರದಲ್ಲಿದೆ. ಉಳಿದ ಮೂರು ಅದಲು ಬದಲಾಗಿದ್ದರೆ ಅದೂ ಇದರಲ್ಲೇ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಒತ್ತಡ ಸರಿ ಮಾಡಿಕೊಳ್ಳುವುದು ಮರೆಯಬೇಡಿ.

ಡಾಂಬರಿಗೆ ಬಂದು 40ರ ಮೇಲೆ ಓಡಿಸಿ ಅಂದದ್ದು ಯಾಕೆ ಅಂದರೆ, ಈ ಸೆನ್ಸರ್‌ಗಳು ನಿಂತ ಗಾಡಿಯಲ್ಲಿ ನಿದ್ದೆ ಮಾಡುತ್ತವೆ. ಬ್ಯಾಟರಿ ಉಳಿಸಲು ಕಂಪನಿಯವರು ಮಾಡಿದ ಏರ್ಪಾಡು. ಚಕ್ರ ತಿರುಗಿ, ಗಾಡಿ ಸುಮಾರು 25ರಿಂದ 30 ಕಿಲೋಮೀಟರ್ ವೇಗ ದಾಟಿದಾಗ ಎಚ್ಚರವಾಗಿ, ನಿಮಿಷಕ್ಕೊಮ್ಮೆಯೋ ಏನೋ 433 ಮೆಗಾಹರ್ಟ್ಸ್ ಅಲೆಯಲ್ಲಿ ಸುದ್ದಿ ಕಳಿಸುತ್ತವೆ. ಮಲೆನಾಡಿನಲ್ಲಿ ಇದು ದೊಡ್ಡ ತಲೆನೋವು. ತೋಟದಿಂದ ಪೇಟೆಗೆ ಎರಡನೇ ಗೇರಿನಲ್ಲೇ ಹೋಗಿ ಬರುವವರು, ದಿನವಿಡೀ ಎಸ್ಟೇಟ್ ರಸ್ತೆಯಲ್ಲೇ ಸುತ್ತುವವರು, ‘ಒಂದು ವಾರ ಓಡಿಸಿದೆ, ದೀಪ ಹೋಗಲೇ ಇಲ್ಲ’ ಅಂತಾರೆ. ಅವರ ಸೆನ್ಸರ್ ಆ ವಾರದಲ್ಲಿ ಸರಿಯಾಗಿ ಎಚ್ಚರವಾಗಿದ್ದೇ ಕಡಿಮೆ. ಆಗುಂಬೆ ಘಾಟಿಯ 14 ತಿರುವು ಹತ್ತಿ ಇಳಿದರೂ ಅಷ್ಟೇ. ನಿಮಗೆ ತೀರ್ಥಹಳ್ಳಿಯಿಂದ ಮಂಡಗದ್ದೆ ಕಡೆ ಹೋಗುವ ಹೆದ್ದಾರಿ ಸಾಕು. ಶಿವಮೊಗ್ಗದವರಾದರೆ ಗಾಜನೂರಿಗೆ ಹೋಗಿ ತಿರುಗಿಸಿಕೊಂಡು ಬರಬಹುದು. ನಡುನಡುವೆ ಎಂಜಿನ್ ಬಂದ್ ಮಾಡದೆ ಒಂದೇ ಸಮ ಓಡಿಸುವುದು ಮುಖ್ಯ. ತುಂಬಾ ಗಾಡಿಗಳು ಹೊಸ ಸೆನ್ಸರ್ ಕಲಿಯುವುದೂ ಹೀಗೆ ಓಡಿಸಿದಾಗಲೇ.

ಸುಮ್ಮನಾದ ಚಕ್ರ ಯಾವುದು ಅಂತ ಗೊತ್ತಾದ ಮೇಲೆ ಟೈರ್ ಬಿಚ್ಚುವ ಮೊದಲು ಇನ್ನೊಂದು ಕೆಲಸ. ಟಿಪಿಎಂಎಸ್ ಟೂಲ್, ಅಂದರೆ ಈ ಪ್ರೆಶರ್ ಸೆನ್ಸರ್‌ಗಳನ್ನು ಪರೀಕ್ಷಿಸುವ ಯಂತ್ರ ಇರುವ ಅಂಗಡಿಗೆ ಹೋಗಿ. ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಎಲ್ಲರ ಹತ್ತಿರ ಇರುವುದಿಲ್ಲ. ಶಿವಮೊಗ್ಗದ ಸಾಗರ ರಸ್ತೆ ಕಡೆ ಒಂದೆರಡು ಅಂಗಡಿ ವಿಚಾರಿಸಿದರೆ ಸಿಗಬಹುದು, ಇಲ್ಲವಾದರೆ ನಿಮ್ಮ ಕಂಪನಿಯ ಸರ್ವಿಸ್ ಸೆಂಟರ್. ಮೊಬೈಲ್‌ಗಿಂತ ಸ್ವಲ್ಪ ದಪ್ಪ ಇರುವ ಆ ಯಂತ್ರವನ್ನು ವಾಲ್ವ್ ಪಕ್ಕ ಟೈರಿಗೆ ತಾಗಿಸಿ ಹಿಡಿದರೆ 125 ಕಿಲೋಹರ್ಟ್ಸ್ ಸಂಕೇತ ಬಿಟ್ಟು ಸೆನ್ಸರನ್ನು ಎಬ್ಬಿಸುತ್ತದೆ. ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ, ಎಷ್ಟೋ ಸೆನ್ಸರ್‌ಗಳಲ್ಲಿ ಬ್ಯಾಟರಿ ಸ್ಥಿತಿ ಕೂಡ ಪರದೆ ಮೇಲೆ ಬರುತ್ತದೆ. ಟೂಲ್‌ಗೆ ಉತ್ತರ ಕೊಟ್ಟ ಸೆನ್ಸರ್ ಸತ್ತಿಲ್ಲ. ಉತ್ತರ ಕೊಡದಿದ್ದರೆ ಆಗ ಬಿಚ್ಚಿಸಿ. ಟೂಲ್ ಇಲ್ಲದೆ ‘ನಾಲ್ಕೂ ಹೋಗಿದೆ’ ಅನ್ನುವವರ ಮಾತಿಗೆ ಬೆಲೆ ಕೊಡಬೇಡಿ. ನಾಡಿ ಹಿಡಿಯದೆ ಹೇಳಿದ ಮಾತು ಅದು.

ಟೈರ್ ಕಳಚುವಾಗ ಪಕ್ಕದಲ್ಲಿ ನಿಂತು ನೋಡಿ. ಟೈರಿನ ಅಂಚನ್ನು ರಿಮ್‌ನಿಂದ ಬಿಡಿಸುವ ಯಂತ್ರದ ಅಗಲ ತಗಡನ್ನು ವಾಲ್ವ್ ಇರುವ ಕಡೆಯೇ ಇಟ್ಟು ಒತ್ತಿದರೆ ಸೆನ್ಸರ್ ಪುಡಿ. ವಾಲ್ವ್‌ನಿಂದ ದೂರ ಇಟ್ಟು ಒತ್ತಬೇಕು. ಲಿವರ್ ಹಾಕುವಾಗಲೂ ಅದೇ ಎಚ್ಚರ. ಮುರಿದ ಸೆನ್ಸರ್ ಚಕ್ರ ಕೈಯಲ್ಲಿ ತಿರುಗಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ಪಂಕ್ಚರ್ ದ್ರಾವಣ ತುಂಬಿದ್ದರೆ ಸೆನ್ಸರ್‌ನ ಸಣ್ಣ ರಂಧ್ರ ಮುಚ್ಚಿಹೋಗಿ ನಂಬರ್ ಒಂದೇ ಕಡೆ ನಿಂತುಬಿಡಬಹುದು. ರಿಮ್ ಬೆಂಡ್ ಆಗಿದೆ ಅಂತ ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಟ್ಯೂಬ್‌ಗೆ ಅದರದ್ದೇ ವಾಲ್ವ್ ಇರುತ್ತದೆ, ಹಾಗಾಗಿ ಆ ಚಕ್ರದಲ್ಲಿ ಒಳಗಿನ ಸೆನ್ಸರ್‌ಗೆ ಜಾಗವೇ ಇಲ್ಲ.

ಕಂಪ್ರೆಸರ್ ವಿಷಯ ಒಂದು ಮಾತು. ಜುಲೈನಲ್ಲಿ ಯಾವುದಾದರೂ ಸಣ್ಣ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಿ, ಮನೆಗೆ ಬಂದು ವಾಲ್ವ್ ಪಿನ್ ಒತ್ತಿ ಅಂಗೈ ಅಡ್ಡ ಹಿಡಿಯಿರಿ. ಎಷ್ಟೋ ಸಲ ಅಂಗೈ ಒದ್ದೆಯಾಗುತ್ತದೆ. ಟ್ಯಾಂಕ್ ತಳದ ನೀರನ್ನು ದಿನಾ ಬಿಡದಿದ್ದರೆ ಮಲೆನಾಡಿನ ತೇವದ ಗಾಳಿಯಲ್ಲಿ ಹಾಗಾಗುತ್ತದೆ. ಆ ನೀರು ಟೈರ್ ಒಳಗೆ ಉಳಿದು ಕಬ್ಬಿಣದ ರಿಮ್‌ಗೆ ತುಕ್ಕು ಹಿಡಿಸುತ್ತದೆ. ಹೊರಗಡೆಯೂ ನೋಡಿಕೊಳ್ಳಿ. ಅಲ್ಯೂಮಿನಿಯಂ ವಾಲ್ವ್‌ಗೆ ಹೊಳೆಯುವ ಹಿತ್ತಾಳೆ ಮುಚ್ಚಳ ಹಾಕಿದರೆ ಕೆಸರು ನೀರು ಕೂತು ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬುಡದಲ್ಲಿ ಬಿಳಿ ಪುಡಿ ಕಾಣುತ್ತದೆ. ಇಕ್ಕಳ ಹಾಕಿ ತಿರುವಿದರೆ ವಾಲ್ವ್ ಕುತ್ತಿಗೆಯೇ ಮುರಿದು ಟೈರ್ ಕೂತುಬಿಡುತ್ತದೆ. ಪ್ಲಾಸ್ಟಿಕ್ ಮುಚ್ಚಳ ಸಾಕು. ಒಳಗಿನ ಪಿನ್ ಕೂಡ ನಿಕಲ್ ಲೇಪನದ್ದೇ ಇರಲಿ, ಸಾದಾ ಹಿತ್ತಾಳೆಯದು ಬೇಡ.

ಈಗ ಒಂದು ಹಾಕಿಸಬೇಕೋ ನಾಲ್ಕೋ? ಅಂಗಡಿಯವರು ಹೇಳಿದ ಕಾರಣ ತಪ್ಪು, ಆದರೆ ಅವರ ಸಲಹೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಒಳಗಿನ ಲಿಥಿಯಂ ಬ್ಯಾಟರಿ ಬದಲಿಸಲು ಬರುವುದಿಲ್ಲ, ಅಂಟು ತುಂಬಿ ಮುಚ್ಚಿರುತ್ತಾರೆ. ಆಯಸ್ಸು 5ರಿಂದ 10 ವರ್ಷ. ನಿಮ್ಮದಕ್ಕೆ ಏಳು ತುಂಬಿದೆ. ಒಂದು ಬ್ಯಾಟರಿ ಮುಗಿದು ಹೋಗಿದ್ದರೆ ಅದೇ ವಯಸ್ಸಿನ ಉಳಿದ ಮೂರಕ್ಕೂ ಕಾಲ ಹತ್ತಿರ ಬಂದಿದೆ. ಪೆಟ್ಟು ಬಿದ್ದು ಮುರಿದಿದ್ದರೆ ಮಾತು ಬೇರೆ, ಆ ಒಂದೇ ಸಾಕು. ಅದನ್ನು ಮುರಿದವರ ಹತ್ತಿರವೇ ಕೇಳಿ.

ಬ್ಯಾಟರಿ ಮುಗಿದದ್ದೇ ಹೌದಾದರೆ ನಾನು ಹೀಗೆ ಮಾಡುತ್ತಿದ್ದೆ. ಕಬ್ಬಿಣದ ರಿಮ್‌ಗೆ ಅಂತಲೇ ರಬ್ಬರ್ ವಾಲ್ವ್ ಇರುವ, ಪ್ರೋಗ್ರಾಂ ಮಾಡಬಹುದಾದ ನಾಲ್ಕು ಹೊಸ ಸೆನ್ಸರ್ ಹಾಕಿಸುತ್ತಿದ್ದೆ. ಟೂಲ್ ಇರುವವರು ಹಳೇ ಸೆನ್ಸರ್‌ನ ಗುರುತಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿ ಕೊಡುತ್ತಾರೆ. ಸತ್ತ ಸೆನ್ಸರ್‌ನ ಸಂಖ್ಯೆ ಅದರ ಮೈಮೇಲೆ ಅಚ್ಚಾಗಿರುತ್ತದೆ, ಬಿಸಾಡುವ ಮೊದಲು ಫೋಟೋ ತೆಗೆದುಕೊಳ್ಳಿ. ಹೀಗೆ ಮಾಡಿದರೆ ಎರಡೂ ಜೊತೆ ಚಕ್ರಗಳು ಗಾಡಿಗೆ ಒಂದೇ. ಬದುಕಿರುವ ಮೂರನ್ನು ವಾಪಸ್ ಅಲಾಯ್‌ಗೆ ಹಾಕಿಸಿ, ನಾಲ್ಕನೆಯದಕ್ಕೆ ಇನ್ನೊಂದು ನಕಲು ಸೇರಿಸಿ. ಮುಂದಿನ ಮೇನಲ್ಲಿ ಟೈರ್ ಬಿಚ್ಚುವ ಗೋಜೇ ಇಲ್ಲ, ಚಕ್ರ ಕಳಚಿ ಚಕ್ರ ಹಾಕಿದರೆ ಆಯಿತು. ಖರ್ಚು ಜಾಸ್ತಿ ಅನಿಸಿದರೆ ಇನ್ನೊಂದು ದಾರಿ, ಒಳ್ಳೆ ಆಲ್-ಟೆರೇನ್ ಟೈರನ್ನೇ ವರ್ಷವಿಡೀ ಓಡಿಸುವುದು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಋತುವಿಗೊಂದು ಟೈರ್ ಬೇಕೇಬೇಕು ಅಂತ ಇಲ್ಲ. ಸ್ವಲ್ಪ ಸದ್ದು, ಸ್ವಲ್ಪ ಡೀಸೆಲ್ ಹೆಚ್ಚು. ಬೆಂಗಳೂರಿಗೆ ವಾರ ವಾರ ಹೋಗುವವರಲ್ಲದಿದ್ದರೆ ನನ್ನ ಓಟು ಅದಕ್ಕೇ.

ಇದೇ ತೊಂದರೆ ಇರುವ ಬೇರೆ ಓದುಗರಿಗೆ ಎರಡು ಮಾತು. ನಿಮ್ಮ ಗಾಡಿ ಚಕ್ರಕ್ಕೊಂದು ನಂಬರ್ ತೋರಿಸದೆ ಬರೀ ದೀಪ ತೋರಿಸಿ, ಮೆನುವಿನಲ್ಲಿ ರೀಸೆಟ್ ಅಥವಾ ಸೆಟ್ ಅಂತ ಇದ್ದರೆ, ಚಕ್ರದಲ್ಲಿ ಸೆನ್ಸರ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಅದು ಎಬಿಎಸ್‌ನ, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ಪ್ರತಿ ಚಕ್ರದ ವೇಗ ನೋಡುವ ವ್ಯವಸ್ಥೆಯ ಲೆಕ್ಕ. ಗಾಳಿ ಇಳಿದ ಚಕ್ರ ಸ್ವಲ್ಪ ಚಿಕ್ಕದಾಗಿ ಉಳಿದವಕ್ಕಿಂತ ಬೇಗ ತಿರುಗುತ್ತದೆ, ಅದನ್ನು ಹಿಡಿಯುತ್ತದೆ. ಟೈರ್ ಬದಲಿಸಿದ ಮೇಲೆ ಒತ್ತಡ ಸರಿ ಮಾಡಿ ರೀಸೆಟ್ ಒತ್ತಿ, ಒಳ್ಳೆ ರಸ್ತೆಯಲ್ಲಿ ಓಡಿಸಬೇಕು. ಕೆಸರಿನಲ್ಲಿ ಚಕ್ರ ಜಾರುತ್ತಿರುವಾಗ ಕಲಿಸಲು ಹೋದರೆ ಅದಕ್ಕೂ ಗೊಂದಲ. ಮಳೆಗಾಲದ ತಂಪಿಗೆ ನಾಲ್ಕೂ ಚಕ್ರ ಸಮನಾಗಿ ಇಳಿದರೆ ಈ ಪದ್ಧತಿಗೆ ಅದು ಕಾಣುವುದೇ ಕಷ್ಟ, ಹಾಗಾಗಿ ಇಂಥ ಗಾಡಿಯವರಿಗೆ ಕೈ ಗೇಜ್ ಇನ್ನೂ ಮುಖ್ಯ. ಇನ್ನು ವಾಲ್ವ್ ಮೇಲೆ ಮುಚ್ಚಳದ ಹಾಗೆ ತಿರುಗಿಸುವ ಸೆನ್ಸರ್ ಹಾಕಿದವರು, ಅದರ ಮೇಲೆ ಬರೆದ ಮೂಲೆಯಂತೆಯೇ ವಾಪಸ್ ಹಾಕಿದ್ದಾರಾ ನೋಡಿ. ಆಮೇಲೆ ಅದರ ಬಟನ್ ಬ್ಯಾಟರಿ, ಒಳಗಿನ ರಬ್ಬರ್ ಉಂಗುರ. ತೊಂದರೆ ಹೆಚ್ಚಾಗಿ ಈ ಮೂರರಲ್ಲೇ ಇರುತ್ತದೆ.

ಸ್ಟೆಪ್ನಿ ಹಾಕಿದ ದಿನ ದೀಪ ಮತ್ತೆ ಮಿಣುಕಿದರೆ ಗಾಬರಿ ಬೇಡ. ಹೆಚ್ಚಿನ ಗಾಡಿಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ಪಂಕ್ಚರ್ ತಿದ್ದಿಸಿ ಹಳೇ ಚಕ್ರ ಹಾಕಿ, ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿದರೆ ತಾನೇ ಹೋಗುತ್ತದೆ.